ಗೋಮೇಧಿಕವೂ ಗಾರ್ನೆಟ್ಟೇನಾ?

ನಿಮ್ಮ ಪ್ರಶ್ನೆ ಇದು: ಅಮ್ಮನ ಗಾರ್ನೆಟ್ ಸರ ಕಡುಗೆಂಪು, ನೀವು ಕೊಂಡ ಗೋಮೇಧಿಕ ಕಂದು ಬೆರೆತ ಕಿತ್ತಳೆ. ಅಂಗಡಿಯವರು ಎರಡೂ ಒಂದೇ ಜಾತಿ ಅನ್ನುತ್ತಾರೆ. ನಂಬಬಹುದಾ?

ನಂಬಬಹುದು. ನಾನು ಓದಿದ್ದು ಭೂವಿಜ್ಞಾನ, ಹಾಗಾಗಿ ಕಲ್ಲಿನ ಮಾತು ಮಾತ್ರ ಹೇಳುತ್ತೇನೆ. ರಾಹುವಿನ ವಿಷಯ ಜೋಯಿಸರಿಗೆ ಬಿಟ್ಟದ್ದು!

ಗಾರ್ನೆಟ್ ಒಂದು ಕಲ್ಲಲ್ಲ, ಕುಟುಂಬ. ಸಿಲಿಕಾನ್, ಆಮ್ಲಜನಕದ ಚೌಕಟ್ಟು ಎಲ್ಲದರಲ್ಲೂ ಒಂದೇ. ನಡುವೆ ಯಾವ ಲೋಹ ಸೇರಿದೆ ಅನ್ನುವುದರ ಮೇಲೆ ಹೆಸರು, ಬಣ್ಣ ಎರಡೂ ಬದಲಾಗುತ್ತವೆ. ಕಬ್ಬಿಣ ಮತ್ತು ಅಲ್ಯೂಮಿನಿಯಂ ಇದ್ದರೆ ಆಲ್ಮಂಡೈನ್. ಅಮ್ಮನ ಸರ ಬಹುಶಃ ಅದೇ. ನಮ್ಮ ಹೊಳೆನರಸೀಪುರದ ಕಡೆಯ ಬಂಡೆಗಳಲ್ಲೂ ಗಾರ್ನೆಟ್ ಕಾಳುಗಳು ಸಿಗುತ್ತವೆ, ಆದರೆ ಒಡವೆಗೆ ಬೇಕಾದಷ್ಟು ತಿಳಿಯಾಗಿರುವುದು ಅಪರೂಪ. ಕಬ್ಬಿಣದ ಜಾಗದಲ್ಲಿ ಕ್ಯಾಲ್ಸಿಯಂ ಬಂದರೆ ಗ್ರಾಸ್ಯುಲರ್. ಗೋಮೇಧಿಕ ಅದರದ್ದೇ ಒಂದು ಬಗೆ. ಅದೇ ಗ್ರಾಸ್ಯುಲರ್‌ಗೆ ಚೂರು ವನೇಡಿಯಂ ಸೇರಿದರೆ ಹಚ್ಚಹಸಿರು ಸಾವೊರೈಟ್! ಅದು ಟಾಂಜಾನಿಯಾದಲ್ಲಿ ಸಿಕ್ಕಿದ್ದು 1967ರಲ್ಲಿ.

ಹಾಗಾಗಿ ಬಣ್ಣ ನೋಡಿ ಗುರುತಿಸಲು ಹೋಗಬೇಡಿ. ಹತ್ತು ಪಟ್ಟು ದೊಡ್ಡದಾಗಿ ಕಾಣುವ ಭೂತಗನ್ನಡಿಯಲ್ಲಿ ಗೋಮೇಧಿಕದ ಒಳಗೆ ನೋಡಿ. ಬಿಸಿನೀರಿಗೆ ಬೆಲ್ಲದ ಪಾಕ ಬಿಟ್ಟಾಗ ಎಳೆಎಳೆಯಾಗಿ ಸುತ್ತುತ್ತದಲ್ಲ, ಅಂಥದ್ದೇ ಸುರುಳಿಗಳು ಸಾಮಾನ್ಯವಾಗಿ ಕಾಣುತ್ತವೆ. ಇದೇ ಬಣ್ಣದ ಜಿರ್ಕಾನ್ ಅನ್ನುವ ಬೇರೆ ಜಾತಿಯ ಕಲ್ಲು ಕೂಡ ಮಾರುಕಟ್ಟೆಯಲ್ಲಿದೆ. ಅದರಲ್ಲಿ ಬೆಳಕು ಎರಡಾಗಿ ಒಡೆಯುವುದರಿಂದ ಕಲ್ಲಿನ ಹಿಂಬದಿಯಲ್ಲಿ ಕತ್ತರಿಸಿದ ಮುಖಗಳ ಅಂಚು ಜೋಡಿ ಗೆರೆಯಾಗಿ ಕಾಣುತ್ತದೆ. ಗಾರ್ನೆಟ್‌ನಲ್ಲಿ ಒಂದೇ ಗೆರೆ.

ಕೆಂಪು ಕಲ್ಲಿಗೆ ನನಗೆ ಇಷ್ಟವಾದ ಪರೀಕ್ಷೆ ಬೇರೆ. ಬಿಡಿ ಕಲ್ಲನ್ನು ಥರ್ಮಕೋಲ್ ಚೂರಿನ ಮೇಲಿಟ್ಟು ನೀರಲ್ಲಿ ತೇಲಿಬಿಡಿ. ನಿಯೋಡಿಮಿಯಂ ಮ್ಯಾಗ್ನೆಟ್ ಹತ್ತಿರ ತನ್ನಿ, ಮುಟ್ಟಿಸಬೇಡಿ. ಆಲ್ಮಂಡೈನ್ ಆದರೆ ಥರ್ಮಕೋಲ್ ಸಮೇತ ಮೆಲ್ಲಗೆ ಮ್ಯಾಗ್ನೆಟ್ ಕಡೆ ಬರುತ್ತದೆ. ಮಾಣಿಕ್ಯ ಹಾಗೆ ಬರುವುದಿಲ್ಲ.

ದಿನಾ ಹಾಕಿಕೊಳ್ಳಬಹುದಾ ಅಂತಲೂ ಕೇಳಿದ್ದೀರಿ. ಗಾರ್ನೆಟ್‌ಗಳ ಗಡಸುತನ ಮೋಸ್ ಅಳತೆಯಲ್ಲಿ 6.5ರಿಂದ 7.5. ಮನೆಯ ಧೂಳಿನಲ್ಲಿರುವ ಮರಳಿನ ಕಣ 7, ಹಾಗಾಗಿ ಅದು ಕಲ್ಲನ್ನು ಗೀರಬಹುದು. ಸರ, ಓಲೆಗೆ ಏನೂ ತೊಂದರೆ ಇಲ್ಲ. ಉಂಗುರದ ಕಲ್ಲು ಮಾತ್ರ ವರ್ಷಗಳು ಕಳೆದಂತೆ ಅಂಚು ಸವೆದು ಮಂಕಾಗಬಹುದು. ಸಾಬೂನು ನೀರು, ಮೆತ್ತನೆ ಬ್ರಶ್ ಸಾಕು. ಉಂಗುರಕ್ಕೆ ಬೆಸುಗೆ ಹಾಕಿಸುವಾಗ ಕಲ್ಲು ಬಿಚ್ಚಿಡಲು ಹೇಳಿ, ಶಾಖ ಒಮ್ಮೆಲೇ ತಗುಲಿದರೆ ಬಿರುಕು ಬಿಡುತ್ತದೆ.