ಪಪ್ಪಾಯಿ ತಿಂದರೆ ಡಿಸ್ಕ್ ಕರಗುತ್ತಾ?

ಪ್ರಶ್ನೆ: ನನಗೆ 42 ವರ್ಷ. ಸೊಂಟದ ನಾಲ್ಕು, ಐದನೆಯ ಮೂಳೆಗಳ ನಡುವಿನ ಮೆತ್ತೆ, ಅಂದರೆ ಎಲ್4-ಎಲ್5 ಡಿಸ್ಕ್, ಸವೆದು ಸ್ವಲ್ಪ ಹೊರಗೆ ಬಂದಿದೆ, ಎಡಗಾಲು ಸೆಳೆಯುತ್ತದೆ. ಪಪ್ಪಾಯಿಯ ಎಂಜೈಮ್ ಅದನ್ನು ಕರಗಿಸುತ್ತದಂತೆ. ತಿಂಗಳಿಂದ ದಿನಾ ತಿನ್ನುತ್ತಿದ್ದೇನೆ, ಸೆಳೆತ ಕಡಿಮೆ ಆಗಿದೆ. ಎಂಜೈಮ್ ಮಾತ್ರೆಯನ್ನೂ ಶುರು ಮಾಡಲಾ?

ಉತ್ತರ: ಬೇಡ. ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ, ಆದರೂ ವಿವರವಾಗಿ ಹೇಳುತ್ತೇನೆ. ತಿಂದ ಎಂಜೈಮ್ ಬಹುಪಾಲು ಹೊಟ್ಟೆಯಲ್ಲೇ ಜೀರ್ಣವಾಗಿ ಹೋಗುತ್ತದೆ. ಡಿಸ್ಕ್‌ನ ಒಳಭಾಗಕ್ಕೋ ರಕ್ತನಾಳವೇ ಇಲ್ಲ, ಉಳಿದದ್ದು ರಕ್ತ ಸೇರಿದರೂ ಅಲ್ಲಿಗೆ ಮುಟ್ಟುವುದು ಹೇಗೆ?

ಅಸಲಿಗೆ ಡಿಸ್ಕನ್ನು ಸವೆಸುವುದರಲ್ಲಿ ಎಂಜೈಮ್‌ಗಳದ್ದೇ ದೊಡ್ಡ ಕೈ. ಡಿಸ್ಕ್ ನಡುವಿನ ಮೆತ್ತನೆಯ ಭಾಗದಲ್ಲಿ ನೀರು ಹಿಡಿದಿಡುವುದು ಅಗ್ರಿಕಾನ್ ಎಂಬ ಪ್ರೋಟೀನ್. ಅದನ್ನು ಎಡಿಎಎಮ್‌ಟಿಎಸ್-4, 5 ಎಂಬ ಎಂಜೈಮ್‌ಗಳು ತುಂಡರಿಸುತ್ತವೆ. ಡಿಸ್ಕ್‌ಗೆ ಗಟ್ಟಿತನ ಕೊಡುವ ಕೊಲಾಜೆನ್ ಎಳೆಗಳನ್ನು ಎಮ್‌ಎಮ್‌ಪಿ ಎಂಬ ಗುಂಪಿನ ಎಂಜೈಮ್‌ಗಳು ಕಡಿಯುತ್ತವೆ. ಇವನ್ನೆಲ್ಲ ತಯಾರಿಸುವುದು ಡಿಸ್ಕ್‌ನ ಜೀವಕೋಶಗಳೇ. ಇವನ್ನು ತಡೆಯುವ ಪ್ರೋಟೀನ್‌ಗಳೂ ಅಲ್ಲೇ ಇರುತ್ತವೆ. ಉರಿಯೂತ ಜಾಸ್ತಿಯಾದಾಗ ಕಡಿಯುವವರ ಕೈ ಮೇಲಾಗುತ್ತದೆ. ನೀರಿನಂಶ ಇಳಿದು ಡಿಸ್ಕ್ ತಗ್ಗುತ್ತದೆ.

ಹಾಗಾದರೆ ನಿಮ್ಮ ಸೆಳೆತ ಯಾಕೆ ಕಡಿಮೆ ಆಯಿತು? ಹೊರಗೆ ಬಂದ ಚೂರಿನ ಸುತ್ತ ರಕ್ತದಿಂದ ಮ್ಯಾಕ್ರೋಫೇಜ್ ಎಂಬ, ಕಸ ನುಂಗಿ ತೆಗೆಯುವ ಕೋಶಗಳು ಬಂದು ಸೇರುತ್ತವೆ. ಅದೇ ಎಮ್‌ಎಮ್‌ಪಿಗಳು ಆ ಚೂರನ್ನು ಕರಗಿಸುತ್ತಾ ಹೋಗುತ್ತವೆ. ತುಂಬಾ ಜನರಿಗೆ ಆಪರೇಷನ್ ಇಲ್ಲದೆ ಕೆಲವು ವಾರ, ತಿಂಗಳಲ್ಲಿ ಕಾಲುನೋವು ಇಳಿಯುವುದಕ್ಕೆ ಇದೂ ಒಂದು ಕಾರಣ. ಮಾಡುವುದು ದೇಹ, ಹೆಸರು ಮಾತ್ರ ಪಪ್ಪಾಯಿಗೆ, ಡಬ್ಬಿ ಮಾರುವವರಿಗೆ!

ಈ ಕಥೆ ಹುಟ್ಟಿದ್ದು ಕೈಮೊಪಪೇನ್‌ನಿಂದ ಇರಬೇಕು. ಪಪ್ಪಾಯಿ ಹಾಲಿನಿಂದ ತೆಗೆದ ಈ ಎಂಜೈಮನ್ನು ಸೂಜಿಯಲ್ಲಿ ನೇರ ಡಿಸ್ಕ್‌ಗೇ ಕೊಡುತ್ತಿದ್ದರು. ಅಮೆರಿಕ 1982ರಲ್ಲಿ ಒಪ್ಪಿಗೆ ಕೊಟ್ಟಿತ್ತು. ಕೆಲವರಿಗೆ ಜೀವಕ್ಕೇ ಕುತ್ತಾಗುವ ಅಲರ್ಜಿ ಆಯಿತು, ಬೆನ್ನುಹುರಿಗೂ ಹಾನಿಯಾಯಿತು. ಆಮೇಲೆ ಅಲ್ಲಿ ಮಾರಾಟವೇ ನಿಂತಿತು. 2018ರಲ್ಲಿ ಜಪಾನ್ ಕಾಂಡೋಲಿಯೇಸ್ ಎಂಬ ಬೇರೆ ಎಂಜೈಮನ್ನು ಒಪ್ಪಿದೆ. ಅದೂ ಇಂಜೆಕ್ಷನ್, ಅದೂ ಹೊರಗೆ ಬಂದ ಡಿಸ್ಕ್‌ಗೆ. ಸುಮ್ನೆ ಸವೆದದ್ದಕ್ಕಲ್ಲ.

ಹಣ್ಣು ತಿನ್ನಿ, ತಕರಾರಿಲ್ಲ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಎಂಜೈಮ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ.

ಪ್ರಶ್ನೆ: ಎಂಆರ್‌ಐನಲ್ಲಿ ‘ಡಿಸ್ಕ್ ಡೆಸಿಕೇಶನ್’ (ಡಿಸ್ಕ್‌ನ ನೀರು ಒಣಗುವುದು) ಅಂತ ಬರೆದಿದ್ದಾರೆ, ನೋವಿಲ್ಲ. ಆಪರೇಷನ್ ಬೇಕಾ?
ಉತ್ತರ: ಬೇಡ.

ಪ್ರಶ್ನೆ: ಸಿಗರೇಟಿಗೂ ಡಿಸ್ಕ್‌ಗೂ ಏನು ಸಂಬಂಧ?
ಉತ್ತರ: ಇದೆ, ಸಿಗರೇಟು ಬಿಡಿ.

ಪ್ರಶ್ನೆ: ಬೆನ್ನು ತುಳಿದು ಡಿಸ್ಕ್ ಕೂರಿಸುವವರ ಹತ್ತಿರ ಹೋಗಬಹುದಾ?
ಉತ್ತರ: ಖಂಡಿತ ಬೇಡ. ಡಿಸ್ಕನ್ನು ತುಳಿದು ಕೂರಿಸಲು ಆಗುವುದೇ ಇಲ್ಲ. ಪಾದ ಎತ್ತಲಾಗದಿದ್ದರೆ, ಮೂತ್ರ ಕಟ್ಟಿದರೆ, ತೊಡೆಸಂದಿ ಜೋಮು ಹಿಡಿದರೆ ಅವತ್ತೇ ಆಸ್ಪತ್ರೆಗೆ ಹೋಗಿ. ರಾತ್ರಿ ಆದರೂ ಸರಿ, ಬೆಳಗಾಗಲಿ ಅಂತ ಕಾಯಬೇಡಿ.