ಶಾಲೆ ಗೇಟಿನ ಅಶೋಕ ಮರಕ್ಕೆ ಹೆಸರು ಬದಲಾದದ್ದು ಯಾಕೆ?

ಪ್ರಶ್ನೆ: ಸಾರ್, ನಮ್ಮ ಶಾಲೆ ಗೇಟಿನ ಹತ್ರ ಇರುವ ಉದ್ದದ ಅಶೋಕ ಮರಕ್ಕೆ ಪಾಲಿಯಾಲ್ತಿಯಾ ಲಾಂಗಿಫೋಲಿಯಾ ಅಂತ ಬೋರ್ಡ್ ಉಂಟು. ಮಗಳು ಮೊಬೈಲಲ್ಲಿ ನೋಡಿ ಅದು ಮೋನೂನ್ ಲಾಂಗಿಫೋಲಿಯಂ ಅಂತಾಳೆ. ಮರ ಅದೇ, ಹೆಸರು ಬದಲಾದದ್ದು ಯಾಕೆ? ಕಾಡಲ್ಲಿ ಹೊಸ ಜೀನಸ್ ಸಿಕ್ತು ಅಂತ ಪೇಪರಲ್ಲಿ ಬರ್ತದಲ್ಲ, ಅದನ್ನು ತೀರ್ಮಾನ ಮಾಡುದು ಯಾರು? ನಮ್ಮ ತೋಟದ ಮೇಲಿನ ಬನದಲ್ಲಿ ಶುಂಠಿ ತರದ ಒಂದು ಗಿಡ ಉಂಟು, ಯಾರಿಗೂ ಗುರ್ತ ಸಿಕ್ಕುದಿಲ್ಲ. ಅದು ಹೊಸತಾದ್ರೆ ನನ್ನ ಅಜ್ಜಿ ಹೆಸರು ಇಡ್ಬಹುದಾ?
— ಪೆರ್ಲದಿಂದ ಒಬ್ರು ಓದುಗರು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಆ ಮರದ ಅಡಿಯಲ್ಲಿ ಬಾವಲಿ ತಿಂದು ಬಿಸಾಡಿದ ಬೀಜ ಬಿದ್ದಿರ್ತದೆ, ಒಂದನ್ನು ಹೆಕ್ಕಿ ಅಡಕತ್ತರಿಯಲ್ಲಿ ತುಂಡು ಮಾಡಿ ನೋಡಿ. ಒಳಗೆ ಅಡಿಕೆ ಹೋಳಿನ ಹಾಗೆಯೇ ಕಂದು ಗೆರೆ ಬಿಳಿಯೊಳಗೆ ನುಗ್ಗಿರ್ತದೆ. ಸೀತಾಫಲದ ಬೀಜದಲ್ಲಿಯೂ ಅದೇ, ತೋಟದ ಜಾಯಿಕಾಯಿಯಲ್ಲಿಯೂ ಅದೇ. ಹಾಗಂತ ಇವೆಲ್ಲ ಒಂದೇ ಬಳಗವಾ ಕೇಳಿದ್ರೆ ಅಲ್ಲ. ಅಶೋಕ (ಇದು ಸೀತೆಯ ಅಶೋಕ ಅಲ್ಲ, ಅದು ಬೇರೆಯೇ ಮರ) ಮತ್ತೆ ಸೀತಾಫಲ ಒಂದೇ ಕುಟುಂಬ, ಜಾಯಿಕಾಯಿ ಅದೇ ಗಣದ ಇನ್ನೊಂದು ಕುಟುಂಬ, ಆದ್ರೆ ಅಡಿಕೆ ತೆಂಗಿನ ಕಡೆಯದ್ದು, ಇವಕ್ಕೆ ತುಂಬ ದೂರ. ಒಂದು ಲಕ್ಷಣ ಹೋಲಿದ ಕೂಡ್ಲೆ ಸಂಬಂಧ ಕಟ್ಟಿದ್ರೆ ಹೀಗೆ ತಪ್ಪು ಲೆಕ್ಕ ಆಗ್ತದೆ, ಗಿಡಗಳ ವರ್ಗೀಕರಣದ ಕಷ್ಟ ಇರುದೇ ಅಲ್ಲಿ.

ಪಾಲಿಯಾಲ್ತಿಯಾ ಅನ್ನುವ ಜೀನಸ್ಸಿಗೂ (ಜೀನಸ್ ಅಂದ್ರೆ ಹತ್ತಿರದ ಪ್ರಭೇದಗಳ ಗುಂಪು, ಗಿಡದ ಹೆಸರಿನ ಮೊದಲ ಪದ ಅದರದ್ದು) ಆದದ್ದು ಅದೇ. ಸೀತಾಫಲದ ಕುಟುಂಬದಲ್ಲಿ ಆರು ಎಸಳು ಹೆಚ್ಚುಕಡಿಮೆ ಒಂದೇ ನಮೂನೆ ಇದ್ದು ಒಂದು ಹೂವಿಂದ ಬಿಡಿಬಿಡಿ ಕಾಯಿಗಳ ಗೊಂಚಲು ಆಗುವ ಮಳೆಕಾಡಿನ ಮರ ಸಿಕ್ಕಿದ್ರೆ ಅದನ್ನು ತುಂಬ ಕಾಲ ಆ ಹೆಸರಿನ ಅಡಿಗೇ ಹಾಕ್ತಾ ಬಂದ್ರು. ಆಮೇಲೆ ಡಿಎನ್‌ಎ ಹೋಲಿಸಿ ನೋಡಿದ್ರೆ ಅದರಲ್ಲಿ ಒಂದೇ ಮೂಲದಿಂದ ಬಾರದ ಬೇರೆ ಬೇರೆ ಗುಂಪುಗಳು ಸೇರಿಕೊಂಡಿದ್ದವು, ಹಾಗೆ ಗೊತ್ತಾದ ಮೇಲೆ ಪುನಃ ಹೂ, ಕಾಯಿ, ಬೀಜ ಎಲ್ಲ ಕೈಗೆತ್ತಿಕೊಂಡು ನೋಡಿದಾಗ ಕಣ್ಣಿಗೆ ಕಾಣುವ ವ್ಯತ್ಯಾಸವೂ ಸಿಕ್ತು. ನಿಮ್ಮ ಗೇಟಿನ ಮರದ ಗುಂಪಲ್ಲಿ ಪ್ರತಿ ಬಿಡಿ ಕಾಯಿಗೂ ಒಂದೊಂದೇ ಬೀಜ, ಬೀಜದ ಸುತ್ತ ಉದ್ದಕ್ಕೆ ಒಂದು ಗೀರು. ಪಾಲಿಯಾಲ್ತಿಯಾ ಅಂತಲೇ ಉಳಿದ ಗುಂಪಲ್ಲಿ ಒಂದು ಕಾಯಲ್ಲಿ ಒಂದಕ್ಕಿಂತ ಹೆಚ್ಚು ಬೀಜ ಇರ್ಬಹುದು. ಬೇರೆ ಮಾಡಿದ ಗುಂಪಿಗೆ ಹೊಸ ಹೆಸರು ಬೇಕಾಗ್ಲಿಲ್ಲ, ಯಾಕಂದ್ರೆ ಮಿಕೆಲ್ ಅಂತ ಡಚ್ ಸಸ್ಯಶಾಸ್ತ್ರಿ 1865ರಲ್ಲೇ ಮೋನೂನ್ ಅಂತ ಹೆಸರು ಕೊಟ್ಟಿದ್ದ, ಅದು ಬಳಕೆ ತಪ್ಪಿಹೋಗಿತ್ತು, 2012ರಲ್ಲಿ ವಾಪಸ್ ತಂದ್ರು. ನಮ್ಮ ಘಟ್ಟದ ಮಳೆಕಾಡಿನ ಮೋನೂನ್ ಫ್ರಾಗ್ರಾನ್ಸ್ ಕೂಡ ಇದೇ ಜೀನಸ್ಸಿಗೆ ಬಂತು.

ಇನ್ನೊಂದು ಗುಂಪಿಗೆ ಹಳೇ ಹೆಸರು ಇರ್ಲಿಲ್ಲ. 2012ರಲ್ಲಿ ಹ್ಯೂಬೆರಾ ಅಂತ ಇಟ್ರು. ಆದ್ರೆ ನಮ್ಮ ನೆಕ್ಕರಿಕದ ಕುಟುಂಬದಲ್ಲಿ ಹ್ಯೂಬೆರಿಯಾ ಅಂತ ಒಂದು ಜೀನಸ್ ಮೊದಲೇ ಇತ್ತು, ಓದುವವರಿಗೆ ಗೊಂದಲ ಆಗುವಷ್ಟು ಹತ್ತಿರದ ಹೆಸರು, ಹಾಗಾಗಿ 2015ರಲ್ಲಿ ಹ್ಯೂಬೆರಾಂತಾ ಅಂತ ಬದಲಿಸ್ಬೇಕಾಯ್ತು. ಆಫ್ರಿಕಾದ ಪೂರ್ವ ಕರಾವಳಿಯಿಂದ ಪೆಸಿಫಿಕ್ ದ್ವೀಪಗಳವರೆಗೆ ಹರಡಿರುವ ಮರಗಳ ಹೆಸರು ಒಂದೆರಡು ಅಕ್ಷರಕ್ಕಾಗಿ ಬದಲಾಗುದು ಕಿರಿಕಿರಿ ಹೌದು, ಆದ್ರೂ ನಿಯಮ ಅಷ್ಟು ಬಿಗಿ ಇರುದೇ ಒಳ್ಳೇದು ಅಂತ ನನ್ನ ಅಭಿಪ್ರಾಯ. ಎರಡು ಗಿಡಕ್ಕೆ ಒಂದೇ ಹೆಸರಾದ್ರೆ ಮುಂದಿನವರಿಗೆ ಯಾವ ದಾಖಲೆಯನ್ನೂ ನಂಬ್ಲಿಕ್ಕೆ ಆಗುದಿಲ್ಲ.

ತೀರ್ಮಾನ ಮಾಡುದು ಯಾರು ಕೇಳಿದ್ರಿ. ಸೀಲ್ ಹೊಡೆದು ಒಪ್ಪಿಗೆ ಕೊಡುವ ಆಫೀಸ್ ಯಾವುದೂ ಇಲ್ಲ. ಗಿಡಗಳ ಹೆಸರಿಗೆ ಒಂದು ಅಂತಾರಾಷ್ಟ್ರೀಯ ಸಂಹಿತೆ ಉಂಟು, ಸಸ್ಯಶಾಸ್ತ್ರಿಗಳ ಮಹಾಸಮ್ಮೇಳನದಲ್ಲಿ ಅದನ್ನು ತಿದ್ದುದು, ಕೊನೇದಾಗಿ ಸೇರಿದ್ದು 2024ರಲ್ಲಿ ಮ್ಯಾಡ್ರಿಡ್‌ನಲ್ಲಿ. ಅದರ ಪ್ರಕಾರ ಹೊಸ ಪ್ರಭೇದಕ್ಕೆ ವಿವರಣೆ ಪ್ರಕಟ ಆಗ್ಬೇಕು (2012ರಿಂದ ಲ್ಯಾಟಿನ್ ಅಥವಾ ಇಂಗ್ಲಿಷ್, ಮೊದಲು ಲ್ಯಾಟಿನ್ನೇ ಆಗ್ಬೇಕಿತ್ತು), ಒಂದು ಒಣಗಿಸಿದ ಮಾದರಿಯನ್ನು ಇದೇ ಆಧಾರ ಅಂತ ತೋರಿಸಿ ಯಾವ ಹರ್ಬೇರಿಯಂನಲ್ಲಿ (ಒಣಗಿಸಿದ ಗಿಡಗಳ ಸಂಗ್ರಹಾಲಯ) ಇಟ್ಟಿದೆ ಅಂತ ಬರೀಬೇಕು. ಹೊಸ ಜೀನಸ್ ಆದ್ರೆ ಅದಕ್ಕೆ ಆಧಾರವಾದ ಪ್ರಭೇದ ಯಾವುದು ಅಂತ ಹೇಳ್ಬೇಕು. ಇಷ್ಟಾದ್ರೆ ಹೆಸರು ಕ್ರಮಬದ್ಧ. ಒಪ್ಪುದು ಬಿಡುದು ಉಳಿದ ಸಸ್ಯಶಾಸ್ತ್ರಿಗಳು ಪುರಾವೆ ನೋಡಿ ಮಾಡುದು, ಮೋನೂನ್ ಬೇಡ ಅಂತ ನಾಳೆ ಯಾರಾದ್ರೂ ಒಳ್ಳೆ ಪುರಾವೆ ತಂದ್ರೆ ಅದನ್ನೂ ಕೇಳ್ಬೇಕಾಗ್ತದೆ.

ಈಗ ನಿಮ್ಮ ಬನದ ಗಿಡ. ಹೊಸತು ಅಂದ್ರೆ ಇವತ್ತು ಹುಟ್ಟಿದ್ದು ಅಂತ ಅಲ್ಲ, ನಮ್ಮ ಜಿಲ್ಲೆಯ ಪೆರಿಯದ ಹಳ್ಳದಲ್ಲಿ ಬೆಳೆಯುವ ಪೊಲತ್ತಾಳಿಯನ್ನೇ ನೋಡಿ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದವರು ಅದಕ್ಕೆ ಕ್ರೈನಮ್ ಮಲಬಾರಿಕಮ್ ಅಂತ ಹೆಸರು ಕೊಟ್ಟದ್ದು 2012ರಲ್ಲಿ, ಈಗ ಅದು ಕಾಸರಗೋಡಿನ ಜಿಲ್ಲಾ ಹೂವು. ಆದ್ರೆ ಶುಂಠಿ ಕುಟುಂಬದಲ್ಲಿ ಗುರ್ತ ಸಿಕ್ಕದ ಗಿಡ ಹೆಚ್ಚಾಗಿ ಹೆಸರಿರುವ ಗಿಡವೇ ಆಗಿರ್ತದೆ, ಈಗಲೇ ಆಸೆ ಇಟ್ಕೊಳ್ಬೇಡಿ. ದಯಮಾಡಿ ಕೀಳ್ಬೇಡಿ. ಹೂ ಬಿಟ್ಟಾಗ ಎದುರಿಂದ ಒಂದು, ಪಕ್ಕದಿಂದ ಒಂದು ಫೋಟೋ, ಎಲೆ ಕಾಂಡಕ್ಕೆ ಸೇರುವ ಜಾಗದ್ದು ಒಂದು, ಗಿಡ ತುಂಬ ಇದ್ರೆ ಮಾತ್ರ ಗಡ್ಡೆ ಚೂರು ಕತ್ತರಿಸಿ ಒಳಗಿನ ಬಣ್ಣದ್ದು ಒಂದು ತೆಗೀರಿ, ತಿಂಗಳು ಬರೆದಿಡಿ. ಈ ಹೂಗಳು ಬೇಗ ಬಾಡಿ ಮುದ್ದೆ ಆಗ್ತವೆ, ಒಣಗಿಸಿದ್ರೆ ಆಕಾರವೇ ಸಿಕ್ಕುದಿಲ್ಲ, ಅದಕ್ಕೆ ಫೋಟೋ ಅಷ್ಟು ಮುಖ್ಯ. ಅವನ್ನು ಕಲ್ಲಿಕೋಟೆ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರ ವಿಭಾಗಕ್ಕೋ ಕೊಯಮತ್ತೂರಿನ ಮದ್ರಾಸ್ ಹರ್ಬೇರಿಯಂಗೋ ಕಳಿಸಿ ಕೇಳಿ. ಬನ ಎಲ್ಲಿ ಅಂತ ಮಾತ್ರ ಫೇಸ್ಬುಕ್ಕಲ್ಲಿ ಹಾಕ್ಬೇಡಿ, ಗಿಡ ಕೀಳುವವರು ಬರ್ತಾರೆ.

ಅಜ್ಜಿ ಹೆಸರು ಖಂಡಿತ ಇಡ್ಬಹುದು, ನಿಯಮದಲ್ಲಿ ಅಡ್ಡಿ ಇಲ್ಲ, ಆದ್ರೆ ಹೆಸರು ಇಡುದು ಲೇಖನ ಬರೆಯುವವರು, ಹಾಗಾಗಿ ಅವರೊಟ್ಟಿಗೆ ಮೊದಲೇ ಮಾತಾಡಿ. ಊರಿನ ಹೆಸರೂ ಆಗ್ತದೆ: ಉತ್ತರ ಕನ್ನಡದ ಕತ್ತಲೆಕಾನಿನ ಜೌಗಲ್ಲಿ ಸಿಕ್ಕಿದ ಗೇರಿನ ಬಳಗದ ಮರಕ್ಕೆ 2000ದಲ್ಲಿ ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್ ಅಂತಲೇ ಇಟ್ರು. ನಿಜಕ್ಕೂ ಹೊಸತಾದ್ರೆ ಜೀವವೈವಿಧ್ಯ ಕಾಯ್ದೆಯ 39ನೇ ಸೆಕ್ಷನ್ ಪ್ರಕಾರ ಸರ್ಕಾರ ಗುರುತಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಒಂದು ಮಾದರಿ ಅಲ್ಲಿ ಇಡ್ಬೇಕು, ಆ ಕೆಲಸವನ್ನು ಸಂಶೋಧಕರೇ ನೋಡಿಕೊಳ್ತಾರೆ.