ಗಡಿ ಬಿಸಿಯಾಗುವುದು ಚಳಿಗಾಲದಲ್ಲೇ ಯಾಕೆ?

ಪ್ರಶ್ನೆ: ನಮ್ಮದು ಜತ್ತ ತಾಲ್ಲೂಕು, ಉಮದಿ ಕಡೆ. ಮನೆಮಾತು ಕನ್ನಡ, ರೇಷನ್ ಕಾರ್ಡು ಮಹಾರಾಷ್ಟ್ರದ್ದು. ಬೆಳಗಾವಿ ಯಾರದೆಂದು ಕರ್ನಾಟಕ, ಮಹಾರಾಷ್ಟ್ರ ಸರ್ಕಾರಗಳು ಜಗಳಕ್ಕೆ ನಿಂತರೆ ನಮ್ಮ ವಿಜಯಪುರದ ಬಸ್ಸು ನಿಲ್ಲುತ್ತದೆ. ನಾಲ್ಕು ದಿನ ಕಳೆದರೆ ಎಲ್ಲ ತಣ್ಣಗೆ. ಎರಡೂ ಕಡೆ ಒಂದೇ ಪಕ್ಷ ಬಂದರೆ ಇದು ಮುಗಿಯುತ್ತದಾ?

ಉತ್ತರ: ಮುಗಿಯಲ್ಲ. 2022ರಲ್ಲಿ ನೋಡಿದಿರಲ್ಲ. ಬೆಂಗಳೂರಲ್ಲಿ ಬಿಜೆಪಿ, ಮುಂಬೈಯಲ್ಲಿ ಬಿಜೆಪಿ ಸೇರಿದ್ದ ಸರ್ಕಾರ. ಆದರೂ ಡಿಸೆಂಬರಿನಲ್ಲಿ ಬೆಳಗಾವಿ ಹತ್ತಿರ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು, ಪುಣೆಯಲ್ಲಿ ಕರ್ನಾಟಕದ ಬಸ್ಸಿಗೆ ಮಸಿ ಬಳಿದರು. 14ರಂದು ಅಮಿತ್ ಶಾ ಇಬ್ಬರು ಮುಖ್ಯಮಂತ್ರಿಗಳನ್ನೂ ಕೂರಿಸಿಕೊಂಡು, ಕೋರ್ಟಿನ ತೀರ್ಪು ಬರುವ ತನಕ ಯಾರೂ ಹಕ್ಕು ಸಾಧಿಸಬೇಡಿ ಎಂದರು. ಎರಡೇ ವಾರದಲ್ಲಿ ಎರಡೂ ರಾಜ್ಯಗಳ ಸದನಗಳು ಗಡಿಯ ಬಗ್ಗೆ ತಮ್ಮ ತಮ್ಮ ನಿರ್ಣಯ ಪಾಸು ಮಾಡಿಬಿಟ್ಟವು!

ಪಕ್ಷಕ್ಕಿಂತ ಕ್ಯಾಲೆಂಡರ್ ನೋಡಿ. ನವೆಂಬರ್ 1 ನಮಗೆ ರಾಜ್ಯೋತ್ಸವ, ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಲಿ ಎನ್ನುವ ಎಂಇಎಸ್‌ಗೆ (ಮಹಾರಾಷ್ಟ್ರ ಏಕೀಕರಣ ಸಮಿತಿ) ಕರಾಳ ದಿನ. ಆಮೇಲೆ ಬೆಳಗಾವಿ ಅಧಿವೇಶನ, ಅತ್ತ ಮಹಾರಾಷ್ಟ್ರದ ನಾಗಪುರ ಅಧಿವೇಶನ. ಎರಡೂ ಕಡೆ ಮೈಕು ಸಿದ್ಧ. ಹಳೇ ಲೆಕ್ಕವಂತೂ ಚುಕ್ತಾ ಆಗಿಲ್ಲ. ಗಡಿ ತಕರಾರಿಗೆ ಕೇಂದ್ರ ನೇಮಿಸಿದ್ದ ಮಹಾಜನ ಆಯೋಗದ 1967ರ ವರದಿ ಬೆಳಗಾವಿ ಕರ್ನಾಟಕದಲ್ಲೇ ಇರಲಿ, ಜತ್ತ, ಅಕ್ಕಲಕೋಟೆ ಕಡೆಯ ಹಳ್ಳಿಗಳೂ ಕರ್ನಾಟಕಕ್ಕೆ ಹೋಗಲಿ ಎಂದಿತ್ತು. ಮಹಾರಾಷ್ಟ್ರ ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಇಷ್ಟಾದರೂ ಪೂರ್ತಿ ಕೆಡದಂತೆ ಹಿಡಿದಿರುವುದು ನೀರು. ಬೇಸಿಗೆ ಬಂತೆಂದರೆ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಎಂದು ಕರ್ನಾಟಕ ಪತ್ರ ಬರೆಯುತ್ತದೆ. ಮಳೆಗಾಲದಲ್ಲಿ ನಮ್ಮಲ್ಲಿ ನೆರೆ ಬರುತ್ತದೆ, ಕರ್ನಾಟಕದ ಆಲಮಟ್ಟಿಯಿಂದ ನೀರು ಬಿಡಿ ಎಂದು ಸಾಂಗಲಿ ಕಡೆಯಿಂದ ಕೂಗು. 2019ರ ಪ್ರವಾಹ ಮರೆತಿಲ್ಲ ಅಲ್ವಾ? ಮಂತ್ರಿಗಳು ಮುಖ ತಿರುಗಿಸಿಕೊಂಡರೂ ಎಂಜಿನಿಯರುಗಳು ಫೋನ್ ಇಡುವಂತಿಲ್ಲ. ಒಬ್ಬರ ಕೈಲಿ ಕೊಯ್ನಾ ಗೇಟು, ಇನ್ನೊಬ್ಬರ ಕೈಲಿ ಆಲಮಟ್ಟಿ ಗೇಟು.

ನಿಮ್ಮ ತಾಲ್ಲೂಕಿನ ಕಥೆ ಇನ್ನೂ ಮಜಾ. ನೀರಿಲ್ಲದ ಸಿಟ್ಟಿಗೆ ಕೆಲವು ಹಳ್ಳಿಗಳು ಕರ್ನಾಟಕಕ್ಕೆ ಸೇರುತ್ತೇವೆ ಎಂದು ಹಿಂದೆಯೇ ಠರಾವು ಮಾಡಿದ್ದವು. 2022ರಲ್ಲಿ ಆಗಿನ ಕರ್ನಾಟಕದ ಮುಖ್ಯಮಂತ್ರಿ ಬೊಮ್ಮಾಯಿ ಅದನ್ನು ಎತ್ತಿದರು. ತಕ್ಷಣ ಮುಂಬೈಗೆ ಜತ್ತಕ್ಕೆ ನೀರು ತರುವ ಮ್ಹೈಸಾಳ ಯೋಜನೆ ನೆನಪಾಯಿತು. ಇತ್ತ ಕರ್ನಾಟಕ ತನ್ನ ತುಬಚಿ–ಬಬಲೇಶ್ವರ ನೀರಾವರಿ ಯೋಜನೆಯಿಂದ ಜತ್ತ ಕಡೆಗೆ ನೀರು ಹರಿಸಿತು. ವರ್ಷಾನುಗಟ್ಟಲೆ ಅರ್ಜಿ ಕೊಟ್ಟರೂ ಆಗದ್ದು ಜಗಳದಿಂದ ಆಯಿತು ಎನ್ನಲು ನನಗೇ ಮುಜುಗರ.

ಬಸ್ಸಿನ ವಿಷಯ: ವಿಜಯಪುರದ ಆಸ್ಪತ್ರೆ, ಮದುವೆ ಕೆಲಸ ಇದ್ದರೆ ಡಿಸೆಂಬರಿನಲ್ಲಿ ಹೊರಡುವ ಹಿಂದಿನ ದಿನವೇ ಸ್ಟ್ಯಾಂಡಿನಲ್ಲಿ ಕೇಳಿಕೊಳ್ಳಿ. ಹೆಚ್ಚಾಗಿ ಗಡಿ ತನಕ ಮಹಾರಾಷ್ಟ್ರದ ಎಸ್‌.ಟಿ. ಬಸ್ಸು ಬರುತ್ತದೆ, ಆಚೆಯಿಂದ ಬೇರೆ ಬಸ್ಸು ಹಿಡಿಯಬೇಕಾಗುತ್ತದೆ.